ದೋಣಿಗೆ ಹೊಡೆದ ಮೊಳೆ

ದೋಣಿಗೆ ಪೂಜೆ ಮಾಡಬೇಡಿ ಎಂದು ನಾನು ಯಾರಿಗೂ ಹೇಳಿದವಳಲ್ಲ. ಆದರೆ ತೋರಣ ಕಟ್ಟಲು ಅದಕ್ಕೇ ಮೊಳೆ ಹೊಡೆಯುತ್ತಾರೆಂದು ನನಗೇನು ಕನಸು ಬಿದ್ದಿತ್ತೇ? ಊರ ಹಿರಿಯ ಗುರುಶಿದ್ದಪ್ಪನವರು ಅದನ್ನೇ ಮಾಡಿದರು. ಮಾವಿನೆಲೆಯ ಸರದ ಒಂದು ತುದಿಯನ್ನು ಬೇವಿನ ಗಿಡಕ್ಕೆ ಕಟ್ಟಿ, ಇನ್ನೊಂದು ತುದಿಗೆಂದು ದೋಣಿಯ ಅಂಚಿಗೆ ಮೊಳೆ ಬಡಿದರು. ಕಾಯಿ ಒಡೆದು, ಪೇಡೆ ಹಂಚಿ, ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಇದು ಅರವತ್ತೆಂಟನೆಯ ಇಸವಿಯ ಮಾತು. ಹುಬ್ಬಳ್ಳಿಯಿಂದ ಸುಳ್ಳ ಎಂಬ ಊರಿನ ಕಡೆಗಿನ ಒಂದು ಹಳ್ಳಿಗೆ ನಾನು, ಕಸ್ತೂರೆವ್ವ, ಹೆರಿಗೆ ಮಾಡಿಸುವ ಸರಕಾರಿ ನರ್ಸಬಾಯಿ. ನಮ್ಮ ಕೈಯ ನೀರು ಕುಡಿಯದವರೂ ನನ್ನ ಕೈಯಲ್ಲೇ ಹೆರುತ್ತಿದ್ದರು. ಅದಕ್ಕೆ ಒಮ್ಮೆ ನಗುತ್ತಿದ್ದೆ, ಒಮ್ಮೆ ಹಲ್ಲು ಕಡಿಯುತ್ತಿದ್ದೆ. ಊರಿನ ಅರ್ಧ ಮನೆಗಳು ಹಳ್ಳದ ಆಚೆ. ಹಿಂದಿನ ಮಳೆಗಾಲದಲ್ಲಿ ಆಚೆ ದಂಡೆಯ ಶಿದ್ದಪ್ಪನೆಂಬ ತರುಣನ ಹೆಂಡತಿ ಬೀರವ್ವ ಅಲ್ಲಿ ನೋವು ತಿನ್ನುವಾಗ, ತುಂಬಿದ ಹಳ್ಳದ ಈಚೆ ದಂಡೆಯಲ್ಲಿ ನಾನು ಚೀಲ ಹಿಡಿದು ನಿಂತಿದ್ದೆ. ಕೂಸು ಉಳಿಯಲಿಲ್ಲ. ಆಮೇಲೆ ಕಚೇರಿಗೆ ಅಲೆದು, ಬೇಡಿ, ಜಗಳವಾಡಿ ತಂದ ದೋಣಿ ಅದು. ಈಗ ಬೀರವ್ವ ಮತ್ತೆ ದಿನ ತುಂಬಿದ ಬಸುರಿ.

ದೋಣಿ ಫೈಬರ್‌ಗ್ಲಾಸಿನದು. ಹೊರಗೊಂದು ಒಳಗೊಂದು ಗಟ್ಟಿ ಪದರ, ನಡುವೆ ಹಗುರ ಕಟ್ಟಿಗೆ. ಆ ಕಟ್ಟಿಗೆಗೆ ನೀರು ಮುಟ್ಟಬಾರದು. ಮೊಳೆಯ ತೂತಿನಿಂದ ಮುಂಗಾರಿನ ನೀರೆಲ್ಲ ಒಳಗಿಳಿದು ಕಟ್ಟಿಗೆ ಕೊಳೆತಿತ್ತು. ಒಂದು ದಿನ, ಆ ತೂತಿನ ಮಗ್ಗುಲಲ್ಲೇ ಇದ್ದ, ಹುಟ್ಟು ಸಿಗಿಸುವ ಕಬ್ಬಿಣದ ಕೊಂಡಿ ಸ್ಕ್ರೂ ಸಮೇತ ಕಿತ್ತು ನನ್ನ ಕೈಗೇ ಬಂತು.

ನನ್ನ ಯಜಮಾನರು ಯಮನಪ್ಪ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅದಕ್ಕೂ ಮೊದಲು ಮುಂಬೈಯಲ್ಲಿ ದೋಣಿ ಕಟ್ಟುವಲ್ಲಿ ದುಡಿದವರು. ರಜೆ ಹಾಕಿ ಬಂದು, ನಾಣ್ಯದಿಂದ ಅಂಚನ್ನು ಬಡಿಯುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎಂದಿತು, ನೆನೆದಲ್ಲಿ ಬರೀ ಬದ್ದ್ ಎಂದಿತು. ಆಮೇಲೆ ಬೈರಿಗೆ ಹಿಡಿದು, ಕೊಂಡಿ ಕಿತ್ತ ತೂತನ್ನೇ ದೊಡ್ಡದು ಮಾಡತೊಡಗಿದರು.

"ಏನ್ರೀ, ತೂತ ಮುಚ್ಚಾಕ ಬಂದೀರೋ, ದೋಣಿ ಜರಡಿ ಮಾಡಾಕ ಬಂದೀರೋ?"

"ಕೊಳತದ್ದು ಪೂರಾ ತಗೀಬೇಕ. ಆ ಜಾಗಾದಾಗ ಅಂಟು ತುಂಬಬೇಕ. ಅದು ಕಲ್ಲಾದಮ್ಯಾಲ ಅದರ ನಡುವ ಸಣ್ಣ ತೂತ ಕೊರೀಬೇಕ. ಸ್ಕ್ರೂಗೂ ಕಟ್ಟಿಗಿಗೂ ಭೆಟ್ಟಿನ ಆಗಬಾರದು."

ಕರಿಗಟ್ಟಿದ ಕಟ್ಟಿಗೆಯನ್ನು ಕೊಕ್ಕೆಯಿಂದ ಕೆದರಿ ತೆಗೆದರು. ಬಿಸಿಲಿದ್ದಷ್ಟು ದಿನ ಒಣಗಿಸಿ, ಎರಡು ಡಬ್ಬಿಯ ರಸ ಕೂಡಿಸಿ ಕಲಸಿದ ಅಂಟನ್ನು ಅಲ್ಲಿಗೂ ಮೊಳೆಯ ತೂತಿಗೂ ತುಂಬಿದರು. ಅಂಟು ತುಂಬಿದ ದಿನವೇ ಮೋಡ ಕವಿಯಬೇಕೇ? ಮೇಲಿನ ಊರುಗಳಲ್ಲಿ ಸುರಿದ ಮಳೆಗೆ ಹಳ್ಳ ಏರಿತು. ಮಧ್ಯಾಹ್ನ ಆಚೆ ದಂಡೆಯಲ್ಲಿ ಶಿದ್ದಪ್ಪ ಕಂಬಳಿ ಬೀಸುತ್ತ ಕೂಗತೊಡಗಿದ.

"ಬಾಯಾರ, ಬ್ಯಾನಿ ಸುರು ಆಗೇತ್ರೀ! ಲಗೂ ಬರ್ರೀ!"

ಯಜಮಾನರು ಅಂಟನ್ನು ಮುಟ್ಟಿ ನೋಡಿದರು. ಇನ್ನೂ ಮೆತ್ತಗಿತ್ತು. "ಥಂಡಿ ಐತಿ. ಗಟ್ಟಿ ಆಗೂದು ನಾಳಿ ಮುಂಜಾನಿಗೇ."

"ನಾಳಿ ಹೋಗಿ ಏನ್ ಮಾಡ್ಲಿ, ಹೆಣಾ ನೋಡ್ಲೇನು? ನಡೀರಿ, ಹಂಗ ಹೋಗೂಣು!"

"ನಡು ಹಳ್ಳದಾಗ ಕೊಂಡಿ ಕಿತ್ರ ನೀನೂ ಇಲ್ಲ, ನಾನೂ ಇಲ್ಲ. ಆಮ್ಯಾಲ ಆಕಿಗ್ಯಾರು? ಹಸಿ ಗಾಯದ ಹೊಲಿಗಿ ನೀ ಬಿಚ್ಚತೀಯೇನು?"

ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ಖರೆಯಾಗಿತ್ತಲ್ಲ, ಅದಕ್ಕೇ ಆ ಸಿಟ್ಟು. "ಹಂಗಾರ ಲಗೂ ಗಟ್ಟಿ ಆಗಾಕ ಏನ್ ಬೇಕ್ರೀ ಇದಕ್ಕ?"

"ಕಾವು ಬೇಕ. ಬೆಂಕಿ ಹಿಡದ್ರ ಸುಟ್ಟ ಹೊಕ್ಕೈತಿ. ಹದದ ಕಾವು."

ಹದದ ಕಾವೆಂದರೆ ನನಗೆ ಗೊತ್ತಿಲ್ಲವೇ? ದಿನ ತುಂಬದೆ ಹುಟ್ಟಿದ ಕೂಸುಗಳ ಮಗ್ಗುಲಿಗೆ ಇಡುವ ರಬ್ಬರಿನ ಬಿಸಿನೀರ ಚೀಲ ನನ್ನಲ್ಲಿತ್ತು. ಓಡಿಹೋಗಿ ಒಲೆ ಹೊತ್ತಿಸಿದೆ. ಚೀಲಕ್ಕೆ ಅರಿವೆ ಸುತ್ತಿ ದೋಣಿಯ ಅಂಚಿಗೆ ಒತ್ತಿ ಹಿಡಿದೆ. ಆರಿದಾಗಲೆಲ್ಲ ಮತ್ತೆ ಬಿಸಿನೀರು ತುಂಬಿದೆ. ನಮ್ಮ ಮನೆಯ ನೀರು ಮುಗಿದಾಗ ಗುರುಶಿದ್ದಪ್ಪನವರು ತಮ್ಮ ಮನೆಯ ಬಿಸಿನೀರ ತಪೇಲಿಯನ್ನೇ ಹೊತ್ತು ತಂದು, ನನ್ನ ಚೀಲಕ್ಕೆ ತಾವೇ ಸುರಿದರು. ನನ್ನ ಮುಖ ನೋಡಲಿಲ್ಲ. ನಾನೂ ಬೈಯಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ.

ಕೊನೆಗೆ ಯಜಮಾನರು ಉಗುರು ಒತ್ತಿದರು. ಗುರುತು ಬೀಳಲಿಲ್ಲ. ಅಂಟಿನ ನಟ್ಟನಡುವೆ ತೂತು ಕೊರೆದು, ಅದಕ್ಕೂ ಅಂಟು ಸವರಿ, ಕೊಂಡಿ ಕೂರಿಸಿ ಬಿಗಿದರು. ಎರಡೂ ಕೈಯಿಂದ ಜಗ್ಗಿದರು. ಮಿಸುಕಲಿಲ್ಲ.

"ದೋಣಿ ಹತ್ತು," ಎಂದರು.

ನಡು ಹಳ್ಳದಲ್ಲಿ ನೀರು ದೋಣಿಯನ್ನು ಅಡ್ಡಕ್ಕೆ ಎಳೆಯಿತು. ಅವರು ಮೈಯ ಭಾರವನ್ನೆಲ್ಲ ಹುಟ್ಟಿನ ಮೇಲೆ ಹಾಕಿದರು. ನಾನು ಕೊಂಡಿಯನ್ನೇ ನೋಡುತ್ತ ಕೂತೆ. ಅದು ಕದಲಲಿಲ್ಲ. ಆಚೆ ದಂಡೆ ಹತ್ತಿರವಾದಾಗ ಶಿದ್ದಪ್ಪ ಸೊಂಟಮಟ್ಟ ನೀರಿಗಿಳಿದು ದೋಣಿಯನ್ನು ಹಿಡಿದುಕೊಂಡ.

ಬೀರವ್ವ ಬೆವರಿನಿಂದ ತೊಯ್ದು ಹೋಗಿದ್ದಳು. ನನ್ನನ್ನು ಕಂಡವಳೇ ಕೈ ಚಾಚಿದಳು.

"ಈ ಸಲ ಬಂದ್ರ್ಯಲ್ಲರೀ ಬಾಯಾರ."

"ಬಂದೀನವ್ವಾ," ಎಂದೆ.

ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ನನ್ನ ಕೈಗೆ ಬಂತು. ಬೆಚ್ಚಗೆ, ಜಾರುತ್ತ, ಕಾಲು ಝಾಡಿಸುತ್ತ. ಎಷ್ಟೋ ಹೆರಿಗೆ ಮಾಡಿಸಿದವಳು ನಾನು, ಆದರೆ ಅವತ್ತು ಕೂಸಿಗಿಂತ ಮೊದಲು ನಾನೇ ಅತ್ತೆ.