ಹೆಗಲು ಕೊಟ್ಟ ಕಂಟ್ರಾಕ್ಟರ್

ನಮ್ಮ ಲೀಟ್ರಿಮ್ ಜಿಲ್ಲೆ ಕಡೆ ಕಂಟ್ರಾಕ್ಟರನ್ನು ಕೆಲಸ ನೋಡಿ ಯಾರೂ ಆರಿಸುವುದಿಲ್ಲ. ಮನೆಯಲ್ಲಿ ಸಾವಾದಾಗ ಶವಪೆಟ್ಟಿಗೆಗೆ ಯಾರು ಹೆಗಲು ಕೊಟ್ಟರು ಅಂತ ನೋಡುತ್ತೇವೆ. ಇದು ಮೂರ್ಖತನ ಅಂತ ಎಲ್ಲರಿಗೂ ಗೊತ್ತು. ಆದರೂ ಹಾಗೇ ಮಾಡುತ್ತೇವೆ.

ನನ್ನ ಹೆಂಡತಿ ನುವಾಲಾ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ನಮ್ಮ ಬಚ್ಚಲುಮನೆ ಇರುವುದು ಮಹಡಿಯಲ್ಲಿ. ಕೆಳಗೊಂದು ಕಟ್ಟಿಸದಿದ್ದರೆ ಅವಳನ್ನು ಮನೆಗಲ್ಲ, ವೃದ್ಧಾಶ್ರಮಕ್ಕೇ ಕಳಿಸುವುದು ಅಂತ ನರ್ಸ್ ಖಡಾಖಂಡಿತವಾಗಿ ಹೇಳಿದಳು. ಅಲ್ಲಿಗೆ ಹೋದವರು ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ.

ಇಬ್ಬರು ಕಂಟ್ರಾಕ್ಟರುಗಳು ಬಂದು ನೋಡಿದರು. ಪೋಲೆಂಡಿನ ಯಾನುಷ್ ಹೇಳಿದ ಹೊತ್ತಿಗೆ ಬಂದ, ಶೂ ಬಿಚ್ಚಿಟ್ಟ, ಅಳತೆ ತೆಗೆದುಕೊಂಡ, ಚಹಾ ಬೇಡ ಅಂದ. ಚಹಾ ಬೇಡ ಅನ್ನುವವನನ್ನು ನಂಬುವುದು ಹೇಗೆ? ಇನ್ನೊಬ್ಬ ಫಿಂಟನ್, ನಮ್ಮ ಚರ್ಚಿನವನೇ. ಮಧ್ಯಾಹ್ನವೆಲ್ಲ ಕೂತು, ಕೆಟಲ್ ಖಾಲಿ ಮಾಡಿ, ತೀರಿಹೋದ ನನ್ನ ತಮ್ಮ ಮಾರ್ಟಿನ್‌ನ ಕತೆಗಳನ್ನು ಹೇಳಿದ. ಹೋಗುವಾಗ ಗೋಡೆ ಕಡೆ ಸ್ವಲ್ಪ ಕಣ್ಣು ಹಾಯಿಸಿದ. ಮಾರ್ಟಿನ್‌ನ ಶವಪೆಟ್ಟಿಗೆಗೆ ಮುಂದುಗಡೆ ಹೆಗಲು ಕೊಟ್ಟವನು ಅವನೇ. ಅಂಥವನನ್ನು ಬಿಟ್ಟು ಬೇರೆಯವನಿಗೆ ಕೆಲಸ ಕೊಟ್ಟರೆ ಭಾನುವಾರದ ಪೂಜೆಯಲ್ಲಿ ಅವನ ಮುಖ ಹೇಗೆ ನೋಡಲಿ?

ಫಿಂಟನ್ ಗೋಡೆ ಒಡೆದ. ಆಮೇಲೆ ನಾಪತ್ತೆ. ಒಡೆದ ಜಾಗಕ್ಕೆ ಹೊಡೆದಿದ್ದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಅನ್ನುತ್ತಲೇ ಇತ್ತು. ಫೋನ್ ಮಾಡಿದಾಗಲೆಲ್ಲ "ನಾಳೆ ಬೆಳಗ್ಗೆ ಬಂದೇಬಿಡ್ತೀನಿ ಡೋನಲ್, ಚಿಂತೆ ಬಿಡು" ಅನ್ನುತ್ತಿದ್ದ. ಕೇಳಿ ಕೇಳಿ ಸಾಕಾಗಿ ಫೋನ್ ಮಾಡುವುದನ್ನೇ ಬಿಟ್ಟೆ. ಆ ಚಳಿಯಲ್ಲಿ ಕೋಟು ಹಾಕಿಕೊಂಡೇ ಊಟ ಮಾಡುತ್ತಿದ್ದೆ.

ಕೊನೆಗೆ ನುವಾಲಾಗೆ ಹೇಳಲೇಬೇಕಾಯಿತು.

"ಅವನನ್ನ ಕೆಲಸದಿಂದ ಬಿಡಿಸು," ಅಂದಳು.

"ಮಾರ್ಟಿನ್‌ಗೆ ಹೆಗಲು ಕೊಟ್ಟವನು ಕಣೇ."

"ಮಾರ್ಟಿನ್ ಸತ್ತಿದ್ದ. ನಾನಿನ್ನೂ ಬದುಕಿದ್ದೀನಿ, ನನ್ನನ್ನ ಹೊರೋಕೆ ನೀವಿಬ್ಬರೂ ಅವಸರ ಮಾಡ್ಬೇಡಿ. ಆ ಪೋಲೆಂಡಿನವನಿಗೆ ಫೋನ್ ಮಾಡು."

ಮಾಡಿದೆ. ಯಾನುಷ್, "ಬೇರೆಯವರು ಒಡೆದ ಗೋಡೆ ನಾನು ಮುಟ್ಟಲ್ಲ. ಅವರೇ ಬಿಟ್ಟೆ ಅಂತ ಹೇಳ್ಲಿ, ಬರ್ತೀನಿ" ಅಂದ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಫಿಂಟನ್‌ನನ್ನು ಹಿಡಿದೆ. ಮಳೆ, ಫುಟ್‌ಬಾಲ್, ಅವನ ಅಮ್ಮನ ಮಂಡಿನೋವು ಎಲ್ಲ ಮುಗಿಸಿ, "ಬೇರೆ ಯಾರನ್ನಾದ್ರೂ ಕರೀಲೇನಪ್ಪ?" ಅಂದೆ.

ಅವನು ಜಗಳಕ್ಕೆ ಬರಲಿಲ್ಲ. ಗೇಟಿಗೆ ಒರಗಿ ಉಸಿರುಬಿಟ್ಟ.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ಮಾರಾಯ? ಒಪ್ಕೊಂಡಿರೋ ಮನೆಗಳೇ ಮುಗೀತಿಲ್ಲ ನಂಗೆ. ಮಾರ್ಟಿನ್‌ನ ಅಣ್ಣ ನೀನು, ನಿಂಗೆ ಆಗಲ್ಲ ಅಂತ ಹೆಂಗೆ ಹೇಳ್ಲಿ?"

"ಮೊದಲೇ ಆಗಲ್ಲ ಅಂದಿದ್ರೆ?"

"ನೀನು ಮೊದಲು ನನ್ನನ್ನ ಕೇಳದೇ ಇದ್ದಿದ್ರೆ?"

ಯಾನುಷ್ ಹಾಕಿದ ಷರತ್ತನ್ನು ಹೇಳಿದೆ. ಫಿಂಟನ್ ಅಲ್ಲೇ ನಿಂತು, ನನ್ನ ಫೋನಿನಿಂದಲೇ ಅವನಿಗೆ ಕರೆ ಮಾಡಿ, "ಆ ಕೆಲಸ ನಾನು ಬಿಟ್ಟೆ" ಅಂದ.

ಯಾನುಷ್ ಮಾರನೇ ದಿನವೇ ಬಂದ. ಒಡೆದ ಗೋಡೆಯಿಂದ ಮಳೆ ಬಿದ್ದು ನೆನೆದ ನೆಲವನ್ನು ನೋಡಿ, ಪೂರ್ತಿ ಕಿತ್ತು ಹಾಕಬೇಕು, ಒಂದು ತಿಂಗಳ ಮೇಲೇ ಆಗುತ್ತದೆ ಅಂದ. ಆಸ್ಪತ್ರೆಯವರಿಗೆ ಅದೇ ವಾರ ಅವಳ ಹಾಸಿಗೆ ಬೇರೆ ರೋಗಿಗೆ ಬೇಕಿತ್ತು. ನುವಾಲಾ "ಒಂದು ತಿಂಗಳು ತಾನೇ" ಅಂತ ತಾನೇ ಚೀಲಕ್ಕೆ ಬಟ್ಟೆ ತುಂಬಿಕೊಂಡಳು.

ಈಗ ಅವಳು ವೃದ್ಧಾಶ್ರಮದಲ್ಲಿದ್ದಾಳೆ. ದಿನಾ ಹೋಗುತ್ತೇನೆ. ಮೊದಮೊದಲು ನಾನು ಕೂರುವ ಮುಂಚೆಯೇ ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದಳು. ಈಗ ಕೇಳುವುದನ್ನೇ ಬಿಟ್ಟಿದ್ದಾಳೆ, ನಾನೇ ಹೇಳಬೇಕು.