ಇಸ್ತ್ರಿ ಅಕ್ಕನ ತಿರುಳು ವಾಕ್ಯ

ಮೇಷ್ಟ್ರ ಪ್ರಕಾರ ಜಗತ್ತಿನಲ್ಲಿ ನಡೆಯುವುದೆಲ್ಲ ಮನುಷ್ಯರಿಗೆ ಏನಾದರೂ ಕಲಿಸುವುದಕ್ಕೇ ನಡೆಯುತ್ತದೆ. ಓದು ಅರ್ಧಕ್ಕೆ ಬಿಟ್ಟ ದೊಡ್ಡವರ ಶಾಲೆಯ ಹತ್ತೂ ಜನಕ್ಕೆ ಅವರು ಬೋರ್ಡಿನ ಮೇಲೆ ಒಂದೇ ಅಚ್ಚು ಬರೆದುಕೊಟ್ಟಿದ್ದರು: ‘ಈ ಘಟನೆಯಿಂದ ನಾನು ______ ಕಲಿತೆ.’ ಅನುಭವ ಪ್ರಬಂಧದ ಮೊದಲ ಪ್ಯಾರಾ ಇದರಿಂದ ಮುಗಿಯಬೇಕು. ಇದರ ಹೆಸರು ತಿರುಳು ವಾಕ್ಯ. ಬಸ್ ಡ್ರೈವರು ತನ್ನ ಮದುವೆಯ ಕಥೆಗೆ ‘ತಾಳ್ಮೆ’ ತುಂಬಿ ಆಗಲೇ ಸಹಿ ಹಾಕಿಸಿಕೊಂಡಿದ್ದ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒತ್ತುವ ಇಸ್ತ್ರಿ ಅಕ್ಕನದು ಮಾತ್ರ ಮೂರನೇ ಸಲ ವಾಪಸು ಬಂದಿತ್ತು. ಇವತ್ತೇ ಕೊನೆಯ ದಿನ. ಮೇಷ್ಟ್ರ ಸಹಿ ಇಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದೆ ಅದೇ ಲಾಂಡ್ರಿಯಲ್ಲಿ ಎರಡನೇ ಸೂಪರ್‌ವೈಸರ್ ಕೆಲಸವಿಲ್ಲ. ಈ ಸಲ ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, ಅವಳ ವಾಕ್ಯ ಹೊಡೆದುಹಾಕಿ ತಾವೇ ಒಂದು ಬರೆದುಕೊಟ್ಟಿದ್ದರು: ‘ಈ ಅಪಘಾತದಿಂದ ನಾನು ಎಚ್ಚರಿಕೆ ಕಲಿತೆ.’

ಅದನ್ನು ಓದಿದವಳಿಗೆ ಕಿವಿಯವರೆಗೂ ಬಿಸಿ ಏರಿತು.

ಎಚ್ಚರಿಕೆ! ನಾಲ್ಕು ವರ್ಷದ ಹಿಂದೆ ಅಲ್ಲೇ, ಹಾಸಿಗೆಯ ಬಟ್ಟೆ ಒತ್ತುವ ಕಾದ ರೋಲರಿನ ಮುಂದೆ, ಕೈ ಒಳಗೆ ಹೋಗದಂತೆ ತಡೆಯುವ ಪಟ್ಟಿ ಸಡಿಲವಾಗಿತ್ತು. ಮೂರು ದಿನ, ಮೂರು ಸಲ ಹೇಳಿದ್ದಳು. ಮೂರೂ ಸಲ ಸೂಪರ್‌ವೈಸರು ‘ಆಯ್ತು ಕಣೇ, ಮಾಡಿಸ್ತೀನಿ’ ಅಂದಿದ್ದ. ಕಣೇ ಅನ್ನುವ ಸಲಿಗೆ ಯಾಕೆಂದರೆ ಅವನು ಅವಳ ಸ್ವಂತ ಅಣ್ಣ. ನಾಲ್ಕನೇ ದಿನ ರೋಲರು ಅವಳ ಬಲಗೈ ಎಳೆದುಕೊಂಡಿತು. ವರದಿಯಲ್ಲಿ ಅಣ್ಣ ಬರೆದ: ‘ಕೆಲಸಗಾರ್ತಿಗೆ ಎಚ್ಚರಿಕೆ ಸಾಲದು.’ ನನ್ನ ಕೆಲಸ ಹೋದರೆ ನಿನಗೇನು ಬರುತ್ತೆ ಅಂತ ಗೋಗರೆದು ಅವಳ ಎಡಗೈಯಲ್ಲಿ ಸಹಿ ಹಾಕಿಸಿಕೊಂಡ. ಒಡಹುಟ್ಟಿದವನು, ಹೊಟ್ಟೆಗೆ ಹಾಕ್ಕೊ ಅಂದಳು ಅಮ್ಮ. ಹಾಕಿಕೊಂಡು ಹಾಕಿಕೊಂಡು ಹೊಟ್ಟೆಯಲ್ಲಿ ಜಾಗ ಮುಗಿದಿತ್ತು.

“ಸರ್, ಇದು ನನ್ನ ಮಾತಲ್ಲ. ನಮ್ಮಣ್ಣಂದು.”

“ಯಾರದ್ದಾದ್ರೇನಮ್ಮ, ಮಾತು ಒಳ್ಳೇದಾಗಿದ್ರೆ ಸಾಕು.”

“ಪ್ರಬಂಧ ಓದಿದ್ರಾ ಸರ್?”

“ತಿರುಳೇ ಸರಿ ಇಲ್ಲ ಅಂದ್ಮೇಲೆ ಸಿಪ್ಪೆ ಯಾಕೆ ಓದ್ಲಿ?”

ಹಿಂದಿನ ಬೆಂಚಿನವರು ನಕ್ಕರು. ಇಸ್ತ್ರಿ ಅಕ್ಕ ನಗಲಿಲ್ಲ. ಹಲ್ಲು ಕಚ್ಚಿಕೊಂಡು, ಸೊಟ್ಟಗಾದ ಬೆರಳುಗಳಲ್ಲಿ ಪೆನ್ನು ಹಿಡಿದು, ಮೇಷ್ಟ್ರ ವಾಕ್ಯದ ಮೇಲೆ ಗೀಟೆಳೆದು ಕೆಳಗೆ ಬರೆದಳು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಓದಿದಳು:

“ನನ್ನ ಕೈ ಸುಟ್ಟಿದ್ದು ಯಂತ್ರ, ತಪ್ಪು ನನ್ನದೇ ಅಂತ ಬರೆದಿದ್ದು ನನ್ನ ಅಣ್ಣ, ಅದರ ಕೆಳಗೆ ಸಹಿ ಹಾಕಿದ್ದು ನಾನು.”

“ಇದು ತಿರುಳಲ್ಲಮ್ಮ, ತಕರಾರು!” ಅಂದರು ಮೇಷ್ಟ್ರು. “ಕಲಿತದ್ದೇನು ಇದ್ರಲ್ಲಿ?”

“ಏನೂ ಕಲೀಲಿಲ್ಲ ಸರ್. ಸುಟ್ಕೊಂಡೆ. ಕಲೀಬೇಕಾದವನು ಅವನು.”

“ಆಮೇಲೇನಾಯ್ತಕ್ಕ?” ಬಸ್ ಡ್ರೈವರು ಬೆಂಚಿನಿಂದ ಮುಂದಕ್ಕೆ ಬಾಗಿದ್ದ. “ಯಾಕೆ ಸಹಿ ಹಾಕ್ದೆ?”

ಮೇಷ್ಟ್ರು ಅವನತ್ತ ನೋಡಿದರು. ಇಡೀ ವರ್ಷದಲ್ಲಿ ಅವರ ಕ್ಲಾಸಿನಲ್ಲಿ ಯಾರೂ ಯಾರ ಪ್ರಬಂಧಕ್ಕೂ ‘ಆಮೇಲೆ’ ಅಂದವರಲ್ಲ. ಡ್ರೈವರನ ಮದುವೆಗೆ ಕೂಡ. ಅವರು ಹಾಳೆ ಈಸಿಕೊಂಡು, ಮೊದಲ ಬಾರಿಗೆ ಪುಟ ತಿರುಗಿಸಿ ಕೊನೆಯವರೆಗೂ ಓದಿದರು. ಓದುವಾಗ ಒಮ್ಮೆ ಅವಳ ಕೈಯ ಕಡೆ ನೋಡಿ ಬೇಗ ಕಣ್ಣು ತೆಗೆದರು.

“ಅಲ್ಲಮ್ಮ, ಪರೀಕ್ಷಕರು ನಾಲ್ಕು ಒಳ್ಳೆ ಮಾತು ಹುಡುಕ್ತಾರೆ. ಫೇಲಾದ್ರೆ ಕೆಲಸ ಹೋಯ್ತು ಅಂತ್ಲೇ.”

“ಆಗ್ಲಿ. ಬರೋ ವರ್ಷ ಇದೇ ವಾಕ್ಯ ಹಿಡ್ಕೊಂಡು ನಿಮ್ಮ ಮುಂದೇನೇ ಕೂತ್ಕೋತೀನಿ.”

ಮೇಷ್ಟ್ರು ಸಹಿ ಹಾಕಿದರು. ಮನಸ್ಸು ಕರಗಿತೋ, ಇನ್ನೊಂದು ವರ್ಷ ಇವಳನ್ನು ಎದುರಿಗೆ ಕೂರಿಸಿಕೊಳ್ಳುವ ಯೋಚನೆಗೇ ನಡುಗಿದರೋ, ಹೇಳುವುದು ಕಷ್ಟ.

ಇಸ್ತ್ರಿ ಅಕ್ಕ ಹಾಳೆಗಳ ಜೆರಾಕ್ಸ್ ಮಾಡಿಸಿ, ಆಫೀಸಿಗೆ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ಮಡಚದೆ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದಳು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

“ಮನೆಗಾ ಅಕ್ಕ?” ಅಂದ ಡ್ರೈವರು.

“ಲಾಂಡ್ರಿಗೆ. ಅಣ್ಣ ಐದೂವರೆವರೆಗೂ ಡ್ಯೂಟೀಲಿರ್ತಾನೆ. ಎಲ್ಲರ ಮುಂದೆ ಓದಿ ಹೇಳ್ಬೇಕು.”