ಕೈ ಜಾರಿದ ಮಾತು

ಮಂತ್ರಿಗಳು ಮತ್ತೆ ಕೆಮ್ಮಿದರು, ಕೆಮ್ಮಿಗೆ ಸನ್ನೆ ಬೇಕಿಲ್ಲ, ಅವಳ ಕೈಗಳಿಗೆ ಒಂದು ಗಳಿಗೆ ಬಿಡುವು, ಇವತ್ತು ಈ ಬಿಡುವೇ ಸಿಗಬಾರದು, ಸಿಕ್ಕರೆ ಸಾಕು ಕಣ್ಣ ಮುಂದೆ ಮಗಳನ್ನು ನೋಡಿಕೊಳ್ಳುವ ದೊಡ್ಡಮ್ಮನ ಕಿಟಕಿ, ಕಿಟಕಿಯಲ್ಲಿ ಕಂದು ಬಾಟಲಿ, ಕೆಮ್ಮಿನ ಔಷಧಿ ಕಣಮ್ಮ, ಎಲ್ಲಕ್ಕೂ ನೆಗಡಿ, ಒಂದೊಂದು ಚಮಚ ಹಾಕಿದೀನಿ, ಹೇಗೆ ಮಲಗಿವೆ ನೋಡು — ಮಲಗಿದ್ದವು, ಬೀದಿಯ ಕೂಸುಗಳೆಲ್ಲ ಚಾಪೆಯ ಮೇಲೆ ಸಾಲಾಗಿ, ಬೆಳಗಿನ ಬಿಸಿಲು ಇನ್ನೂ ಗೋಡೆ ಹತ್ತಿರಲಿಲ್ಲ, ಅದು ಮಕ್ಕಳು ಮಲಗುವ ಹೊತ್ತಲ್ಲ, ಎದ್ದು ಮನೆಯನ್ನು ತಲೆ ಮೇಲೆ ಹೊತ್ತುಕೊಳ್ಳುವ ಹೊತ್ತು, ಒಂದೂ ಮಿಸುಕುತ್ತಿರಲಿಲ್ಲ, ಒಂದರ ಮೂಗಿನ ಮೇಲೆ ನೊಣ ನಿಶ್ಚಿಂತೆಯಿಂದ ಓಡಾಡುತ್ತಿತ್ತು. ಅವಳ ಮಗಳು ಇನ್ನೂ ಅವಳ ಸೊಂಟದ ಮೇಲೇ ಇದ್ದಳು, ದೊಡ್ಡಮ್ಮ ಕೋಣೆಯ ಆ ತುದಿಯಲ್ಲಿ ಚಮಚ ಎತ್ತಿಕೊಂಡಿದ್ದಷ್ಟೇ, ಮಗಳು ಬಾಯಿ ತೆರೆದಳು. ಆ ಅನ್ನು ಎಂದು ಯಾರೂ ಹೇಳಿರಲಿಲ್ಲ. ಮಾನ್ಯ ಸಭಾಧ್ಯಕ್ಷರೇ, ಈ ನಾಡಿನಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿನ ಹೊಣೆ ನಾನು ಹೊರುತ್ತೇನೆ, ಮಂತ್ರಿಗಳ ಗಂಟಲು ಸರಿಹೋಯಿತು, ಅವಳ ಕೈಗಳು ಎದ್ದವು, ಹೊಣೆ ಎನ್ನಲು ಹೆಗಲಿಗೆ, ನಾನು ಎನ್ನಲು ತನ್ನದೇ ಎದೆಗೆ, ಯಾರು ಮಾತಾಡಿದರೂ ನಾನು ಎಂದೇ ಹೇಳಬೇಕು, ಅದು ಈ ಕೆಲಸದ ನೇಮ, ಕಿವಿ ಕೇಳದವರಿಗೆ ಟಿವಿಯ ಮೂಲೆಯ ಚೌಕದಲ್ಲಿ ಕಾಣುವ ಮೈ ಅವಳದು, ಮಾತು ಸಭೆಯದು. ತನ್ನದು ಅನ್ನುವ ಮಾತು ಈ ಕೈಗಳಲ್ಲಿ ಬರಕೂಡದು.

ಮಸೂದೆ ಒಳ್ಳೆಯದೇ, ಎಲ್ಲ ಕುಟುಂಬಗಳಿಗೂ ಶಿಶುಪಾಲನಾ ಕೇಂದ್ರ, ಬಡವರು ಉಳ್ಳವರು ಎಂಬ ಭೇದವಿಲ್ಲದೆ, ಖರ್ಚಿನ ದೊಡ್ಡ ಪಾಲು ಸರ್ಕಾರದ್ದು, ನುರಿತ ದಾದಿಯರು, ತಪಾಸಣೆ — ತಪಾಸಣೆ ಎನ್ನುವಾಗ ಎರಡು ಬೆರಳು ಕಣ್ಣಿನಿಂದ ಹೊರಟು ಅಂಗೈ ಮೇಲೆ ಇಳಿಯುತ್ತವೆ. ಈಗಿರುವ ಉಚಿತ ಕೇಂದ್ರದವರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿಮಗೆ ಸರ್ಕಾರಿ ಕೆಲಸ ಇದೆಯಲ್ಲಮ್ಮ, ಇದು ಗತಿಯಿಲ್ಲದವರಿಗೆ, ಎಂದಿದ್ದರು. ಸರ್ಕಾರಿ ಕೆಲಸವಂತೆ, ಸಭೆ ಸೇರಿದ ದಿನ ಕೂಲಿ, ಸೇರದ ದಿನ ಇಲ್ಲ. ಬಣ್ಣದ ಜಾರುಬಂಡೆ ಇರುವ ಖಾಸಗಿ ಕೇಂದ್ರದವರು ಬಹಳ ಮರ್ಯಾದೆಯಿಂದ ಕೂರಿಸಿ ಶುಲ್ಕ ಹೇಳಿದರು, ಅಷ್ಟೇ ಮರ್ಯಾದೆಯಿಂದ ಅವಳೂ ಎದ್ದು ಬಂದಳು. ಉಳಿದದ್ದು ದೊಡ್ಡಮ್ಮ. ಯಾರಿಗೆ ದೊಡ್ಡಮ್ಮನೋ ದೇವರೇ ಬಲ್ಲ, ಇಡೀ ಬೀದಿ ಹಾಗೇ ಕರೆಯುತ್ತದೆ, ಕೆಟ್ಟವಳಲ್ಲ, ಸೊಂಟ ಹಿಡಿದುಕೊಂಡೇ ಏಳುತ್ತಾಳೆ, ತರುವ ಮಕ್ಕಳನ್ನು ಬೇಡ ಅನ್ನಲು ಬಾಯಿ ಬರುವುದಿಲ್ಲ, ನನಗೂ ಎರಡೇ ಕೈ ಕಣಮ್ಮ, ಒಂದು ಅತ್ತರೆ ಎಲ್ಲಾ ಅಳ್ತವೆ, ಏನು ಮಾಡಲಿ ಹೇಳು, ಎಂದು ಮೊನ್ನೆ ನಗುತ್ತಲೇ ಕೇಳಿದ್ದಳು. ಏನು ಮಾಡುತ್ತಾಳೆಂದು ಅವಳು ತಿರುಗಿ ಕೇಳಲಿಲ್ಲ. ಮಗಳು ಹುಟ್ಟಿದಾಗ ಕೂಗಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು, ಅತ್ತೆಯೇ ಅವಳಿಗೆ ಗಲಾಟೆ ಎಂದು ಹೆಸರಿಟ್ಟದ್ದು, ಗಲಾಟೆ ಎದ್ದಳಾ, ಗಲಾಟೆ ಉಂಡಳಾ, ಈಗ ಊರಿಂದ ಬಂದಾಗೆಲ್ಲ ಅದೇ ಅತ್ತೆ, ನಿನ್ನ ಅದೃಷ್ಟ ದೊಡ್ಡದು ಕಣೆ, ಎಷ್ಟು ಒಳ್ಳೆ ಮಗು, ಇಟ್ಟಲ್ಲಿ ಇರುತ್ತೆ, ನನ್ನ ಮಗ ಈ ವಯಸ್ಸಿಗೆ ಓಡಾಡಿ ನನ್ನ ಜೀವ ತಿಂದಿದ್ದ. ಇಟ್ಟಲ್ಲಿ ಇರುತ್ತದೆ. ಮಡಿಲಲ್ಲಿ ಕೂರಿಸಿದರೆ ಬೆನ್ನು ತನ್ನಷ್ಟಕ್ಕೆ ಬಾಗುತ್ತದೆ, ಗೊಂಬೆ ತೋರಿಸಿದರೆ ಕಣ್ಣು ತಡವಾಗಿ ಬರುತ್ತದೆ, ಎಲ್ಲಿಂದಲೋ ನಡೆದು ಬಂದಂತೆ. ಅವಳಿಗೆ ಹೆಮ್ಮೆಯಾಗಿತ್ತು, ಮಗಳು ತನ್ನ ಕಷ್ಟ ಅರ್ಥ ಮಾಡಿಕೊಂಡಿದ್ದಾಳೆ ಎಂದು ಗಂಡನ ಹತ್ತಿರ ಹೇಳಿಕೊಂಡಿದ್ದಳು ಕೂಡ.

ನಾನು ಕೇಳುತ್ತೇನೆ, ಮಕ್ಕಳಿಲ್ಲದವನ ತೆರಿಗೆಯಲ್ಲಿ ಮಕ್ಕಳಿರುವವನ ಮಗುವನ್ನು ಯಾಕೆ ಸಾಕಬೇಕು, ಎದುರು ಬೆಂಚಿನ ದಪ್ಪ ಸದಸ್ಯರು ಎದ್ದಿದ್ದಾರೆ, ಬಂಗಲೆಯಲ್ಲಿರುವವರ ಮಗುವಿಗೂ ಸರ್ಕಾರವೇ ಜೋಗುಳ ಹಾಡಬೇಕಾ, ಸಭೆ ನಕ್ಕಿತು, ಅವಳು ನಗುವನ್ನೂ ಸನ್ನೆಯಲ್ಲಿ ತೋರಿಸಿದಳು, ತಾಯಿ ಎಂಬವಳು ಇರುವುದು ಯಾತಕ್ಕೆ ಸ್ವಾಮಿ, ನಾನು ಕೇಳುತ್ತೇನೆ, ನಾನು, ಬೆರಳು ಎದೆಗೆ ತಾಗಿತು, ತಾಯಿ ಇರುವುದು ಯಾತಕ್ಕೆ ಎಂದು ಅವಳ ಕೈಗಳೇ ಅವಳನ್ನು ಕೇಳಿದವು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಾಗಬೇಕು, ಜೊತೆಗಾರ ಬಂದಿಲ್ಲ, ಅವನ ಮಗನಿಗೆ ಜ್ವರವಂತೆ, ಬಿಟ್ಟು ಬರಲು ಯಾರೂ ಇಲ್ಲವಂತೆ, ಬೆಳಿಗ್ಗೆ ಕ್ಯಾಮೆರಾದವನು ಹೇಳಿದಾಗ ಅವಳಿಗೆ ಸಿಟ್ಟು ಬಂದಿತ್ತು, ಈಗ ಹೊಟ್ಟೆಕಿಚ್ಚು. ಫೋನು ಹೊರಗಿನ ಕಪಾಟಿನಲ್ಲಿ, ಸಭೆಯೊಳಗೆ ತರುವ ಹಾಗಿಲ್ಲ, ಒಂದೇ ಒಂದು ಕರೆ, ದೊಡ್ಡಮ್ಮ, ಮಗುವನ್ನ ಎಬ್ಬಿಸಿ, ಅಳಿಸಿ, ಜೋರಾಗಿ ಅಳಿಸಿ ನನಗೆ ಕೇಳಿಸಿ — ಯಾಕೆ ಬಿಟ್ಟು ಬಂದೆ, ಬಸ್ಸು ಹೊರಟಿತ್ತು, ತಡವಾದರೆ ಹೆಸರು ತೆಗೆದುಹಾಕುತ್ತಾರೆ, ಕೆಮ್ಮಿಲ್ಲ ಅವಳಿಗೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಗಳ ಬಾಯಿ ತೆರೆದಿತ್ತು, ಅಷ್ಟು ಗುಂಡಗೆ, ಅಷ್ಟು ವಿಧೇಯವಾಗಿ, ಮನೆಯಲ್ಲಿ ಒಂದು ತುತ್ತಿಗೆ ಗೋಗರೆದರೂ ತೆರೆಯದ ಬಾಯಿ. ಮೇಡಂ, ಕ್ಯಾಮೆರಾದವನ ಪಿಸುದನಿ, ಮೇಡಂ, ಏನು ಮಾಡ್ತಾ ಇದೀರಿ, ಅವರು ಅನುದಾನದ ಬಗ್ಗೆ ಹೇಳ್ತಿದಾರೆ, ನೀವು ಏನೋ ಬೇರೆ ತೋರಿಸ್ತಿದೀರಿ. ಅವಳು ಕೈ ನೋಡಿಕೊಂಡಳು. ಎಡಗೈ ಬಾಟಲಿ ಹಿಡಿದಂತೆ, ಬಲಗೈ ಚಮಚ. ಮಗು, ನಿದ್ದೆ, ಚಮಚ, ಮಗು, ನಿದ್ದೆ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ, ದಪ್ಪ ಸದಸ್ಯರ ಬಾಯಿಂದ ಹೊರಟ ಮಾತಾಗಿ ಅದು ಟಿವಿಗೆ ಹೋಗುತ್ತಿತ್ತು.

ಕೇಳುವವರಿಗೆ ಯಾರಿಗೂ ಗೊತ್ತಾಗಲಿಲ್ಲ, ಅವರು ಅವಳನ್ನು ನೋಡುವುದೇ ಇಲ್ಲ. ಆದರೆ ಮೇಲೆ ಗ್ಯಾಲರಿಯಲ್ಲಿ ಕಿವಿ ಕೇಳದವರ ಸಂಘದ ಹೆಂಗಸರು ಒಂದು ಸಾಲು ಕೂತಿದ್ದಾರೆ, ಮಸೂದೆ ನೋಡಲು ಬಂದವರು, ಅವರು ನೋಡುವುದು ಅವಳನ್ನು ಮಾತ್ರ, ಸಾಲಿಗೆ ಸಾಲೇ ಮುಂದಕ್ಕೆ ಬಾಗಿದೆ. ನಡುವೆ ಕೂತಿದ್ದ ಬಿಳಿ ಕೂದಲಿನವರೊಬ್ಬರು ಎದ್ದು ನಿಂತರು, ಕಾವಲಿನವನು ಕೂರಲು ಹೇಳಿದ, ಅವರಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಕೂರುತ್ತಿರಲಿಲ್ಲ. ಗ್ಯಾಲರಿಯ ಕಂಬಿಯ ಮೇಲಿನಿಂದ ಅವರ ಕೈ ಕೇಳಿತು, ಯಾವ ಮಗು. ಅವಳು ಉತ್ತರಿಸಕೂಡದು, ಕ್ಯಾಮೆರಾದ ಕೆಂಪು ದೀಪ ಹೊತ್ತಿಯೇ ಇದೆ, ಪರವಾಗಿರುವವರು ಕೈ ಎತ್ತಿ ಎಂದು ಸಭಾಧ್ಯಕ್ಷರು ಹೇಳುತ್ತಿದ್ದಾರೆ, ಕೆಳಗೆ ಕೈಗಳು ಅಲ್ಲೊಂದು ಇಲ್ಲೊಂದು ಏಳುತ್ತಿವೆ, ಗೆಲ್ಲುತ್ತದೋ ಬೀಳುತ್ತದೋ, ಗೆದ್ದರೂ ಕೇಂದ್ರ ತೆರೆಯುವಷ್ಟರಲ್ಲಿ — ಅವಳ ಬೆರಳು ಎದೆಗೆ ಹೋಯಿತು. ನನ್ನದು. ಈ ಬೆಳಗ್ಗೆಯಿಂದ ಮೊದಲ ಸಲ ಅದು ಅವಳೇ ಆಡಿದ ನಾನು. ಅವಳು ಕುರ್ಚಿ ಬಿಟ್ಟು ಎದ್ದಿದ್ದಳು, ಮೇಡಂ ಕೂತ್ಕೊಳಿ, ಇನ್ನೂ ಲೈವ್ ಇದೆ, ಬಾಗಿಲು, ಕಪಾಟು, ಫೋನು, ಮೇಲಿನಿಂದ ಆ ಮುದುಕಿಯ ಕೈ ಬಿಡದೆ ಕೇಳುತ್ತಿತ್ತು, ಎಷ್ಟು ದಿನದಿಂದ. ಎಷ್ಟು ದಿನದಿಂದ ಕುಡಿಸ್ತಿದಾರೆ. ನೆಗಡಿ ಬಂದಾಗಿನಿಂದ ಎನ್ನಲೇ, ಇವತ್ತೊಂದೇ ದಿನ ಎನ್ನಲೇ, ಉತ್ತರಕ್ಕೆಂದು ಎತ್ತಿದ ಕೈ ಅರ್ಧದಲ್ಲಿ ನಿಂತಿತು, ಕಣ್ಣ ಮುಂದೆ ಮತ್ತೆ ಬೆಳಗಿನ ಕೋಣೆ, ಆ ತುದಿಯಲ್ಲಿ ಚಮಚ, ಇನ್ನೂ ಖಾಲಿ, ಬಾಟಲಿಯ ಮುಚ್ಚಳವೇ ತೆಗೆದಿಲ್ಲ, ಈ ತುದಿಯಲ್ಲಿ ಅವಳ ಸೊಂಟದ ಮೇಲೆ ಮಗಳ ಬಾಯಿ, ತೆರೆದೇ ಇದೆ, ರೂಢಿಯಂತೆ ಕಾಯುತ್ತಿದೆ.